ಒಂದೇ ಅಂಕಿಗಳ ಎರಡು ಅಣುಗಳು

ಅಣುವೊಂದನ್ನು ಅಂಕಿಗಳ ಚೌಕವಾಗಿ ಬರೆಯಬಹುದು ಎಂದು ನನಗೆ ತಿಳಿದದ್ದು ನಾವಿರುವ ವಾಡೆಯ ಮನೆಗಳ ಲೆಕ್ಕದಿಂದ. ಗೋಕಾಕದ ಹಳೆಯ ಪೇಟೆಯಲ್ಲಿರುವ ಈ ವಾಡೆಯಲ್ಲಿ ನಡುವೆ ಅಂಗಳ, ಸುತ್ತ ಆರು ಸಂಸಾರ. ಅಗಸೆ ಬಾಗಿಲಿನ ಮೇಲೂ ಒಂದು ಮನೆ ಇರುವುದರಿಂದ ಗೋಡೆಗಳ ಸುತ್ತು ಎಲ್ಲೂ ತುಂಡಾಗುವುದಿಲ್ಲ. ಪ್ರತಿ ಮನೆಗೂ ಎರಡು ಬದಿಗೆ ಎರಡು ನೆರೆ.

ನನ್ನ ಹೆಂಡತಿ ಮೂಡಲಗಿಯ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಸಂಶೋಧನೆಗೆ ನೋಂದಾಯಿಸಿಕೊಂಡ ಹೊಸದರಲ್ಲಿ, ನೀನು ಮಾಡುವುದೇನು ಎಂದು ನಾನು ಕೇಳಿದ್ದೆ. ಅವಳು ಅಂಗಳದಲ್ಲಿ ರಂಗೋಲಿ ಪುಡಿಯಿಂದ ಆರು ಅಡ್ಡಸಾಲು, ಆರು ಉದ್ದಸಾಲು ಎಳೆದಳು. ಗೋಡೆ ಹಂಚಿಕೊಂಡ ಎರಡು ಮನೆಗಳು ಕೂಡುವ ಚೌಕದಲ್ಲಿ ಒಂದು, ಹಂಚಿಕೊಳ್ಳದ ಕಡೆ ಸೊನ್ನೆ.

"ಬಾಜೂ ಮನಿಯವರ ಜೋಡಿ ನಮಗ ಮಾತಿಲ್ಲಲಾ," ಎಂದೆ. ನೀರಿನ ಟಾಕಿಯ ವಿಷಯಕ್ಕೆ ಆ ವರ್ಷ ಮಾತು ನಿಂತಿತ್ತು. "ಅಲ್ಲೂ ಸೊನ್ನಿ ಹಾಕ್ತಿ ಏನ?"

"ಮಾತಿಲ್ಲಂದ್ರೂ ಗ್ವಾಡಿ ಐತಲ್ರಿ. ಒಂದ ಹಾಕಬೇಕು. ರಸಾಯನಶಾಸ್ತ್ರಕ್ಕ ನಿಮ್ಮ ಸಿಟ್ಟು ಬ್ಯಾಡ."

ಬೆಂಜೀನ್ ಎಂಬ ಅಣುವಿನಲ್ಲಿ ಆರು ಇಂಗಾಲಗಳು ನಮ್ಮ ವಾಡೆಯ ಹಾಗೆಯೇ ಸುತ್ತು ಕಟ್ಟಿಕೊಂಡಿರುತ್ತವೆ. ಅವುಗಳ ನೆರೆಹೊರೆಯನ್ನು ಹೀಗೆ ಒಂದು ಮತ್ತು ಸೊನ್ನೆಗಳಲ್ಲಿ ಬರೆದರೆ ಬರುವ ಚೌಕಕ್ಕೆ ಮ್ಯಾಟ್ರಿಕ್ಸ್ ಎನ್ನುತ್ತಾರೆ. ಆ ಚೌಕದಿಂದ ಒಂದು ಲೆಕ್ಕದ ದಾರಿಯಲ್ಲಿ ಕೆಲವು ಅಂಕಿಗಳನ್ನು ಹೊರತೆಗೆಯಬಹುದು. ಆರು ಇಂಗಾಲಕ್ಕೆ ಆರು, ಹತ್ತಕ್ಕೆ ಹತ್ತು. ಇಲೆಕ್ಟ್ರಾನುಗಳು ನಿಲ್ಲಬಹುದಾದ ಶಕ್ತಿಯ ಮೆಟ್ಟಿಲುಗಳು ಎಷ್ಟೆಷ್ಟು ಎತ್ತರದಲ್ಲಿವೆ ಎಂದು ಆ ಅಂಕಿಗಳು ಸುಮಾರಾಗಿ ಹೇಳುತ್ತವೆ. ನನಗೆ ಹಿಡಿಸಿದ್ದು ಇನ್ನೊಂದು ಸಂಗತಿ. ಎಣಿಕೆಯನ್ನು ಯಾವ ಮನೆಯಿಂದ ಶುರು ಮಾಡಿದರೂ, ಯಾರನ್ನು ಮೊದಲನೆಯವರೆಂದು ಕರೆದರೂ, ಕೊನೆಗೆ ಬರುವ ಅಂಕಿಗಳು ಅವೇ. ಹೆಸರು, ಕ್ರಮ, ಹಿರಿತನ ಯಾವುದೂ ಅಲ್ಲಿ ನಡೆಯುವುದಿಲ್ಲ. ಯಾರ ಪಕ್ಕದಲ್ಲಿ ಯಾರು ಎಂಬುದಷ್ಟೇ ಮುಖ್ಯ.

ನಾನು ಒಂದು ದಿನಪತ್ರಿಕೆಗೆ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲ್ಲೂಕುಗಳ ಸುದ್ದಿ ನೋಡಿಕೊಳ್ಳುವವನು. ಸಭೆಯ ವರದಿಯಲ್ಲಿ ಯಾರ ಹೆಸರು ಮೊದಲು ಬರಬೇಕು ಎಂಬುದಕ್ಕೇ ದಿನದ ಅರ್ಧ ಜಗಳ ಮುಗಿಯುವ ಕೆಲಸದಲ್ಲಿರುವವನಿಗೆ ಇಂಥ ಲೆಕ್ಕ ಇದೆ ಎಂಬುದೇ ಸಮಾಧಾನ ತಂದಿತ್ತು.

ಅವಳ ಪ್ರಬಂಧದ ಮುಖ್ಯ ಅಧ್ಯಾಯ ಒಂದು ಮಾತಿನ ಮೇಲೆ ನಿಂತಿತ್ತು. ಅವಳು ಆರಿಸಿಕೊಂಡ ಇಂಗಾಲದ ಅಣುಗಳಲ್ಲಿ ಪ್ರತಿಯೊಂದಕ್ಕೂ ಅದರದೇ ಆದ ಅಂಕಿಗಳ ಸಾಲು ಇದೆ, ಒಂದರ ಸಾಲು ಇನ್ನೊಂದಕ್ಕೆ ಬರುವುದಿಲ್ಲ ಎಂಬ ಮಾತು. ಅಧ್ಯಾಯಕ್ಕೆ 'ಅಣುವಿನ ಹೆಬ್ಬೆಟ್ಟು' ಎಂಬ ಅರ್ಥದ ಶೀರ್ಷಿಕೆ ಕೊಟ್ಟಿದ್ದಳು. ಹೊಸ ಮದ್ದಿನ ಅಣುಗಳನ್ನು ಗುಂಪು ಮಾಡುವಾಗ, ಎಣ್ಣೆಗಳ ಬೆರಕೆ ಹಿಡಿಯುವಾಗ ಇಂಥ ಗುರುತು ಉಪಯೋಗಕ್ಕೆ ಬರುತ್ತದೆ ಎಂದು ಮುನ್ನುಡಿಯಲ್ಲಿ ಬರೆದಿದ್ದಳು.

ಈ ಕೆಲಸ ಶುರುವಾದಾಗ ನಮ್ಮ ಮಗಳು ಕನ್ನಡ ಶಾಲೆಯ ಕೆಳಗಿನ ತರಗತಿಯಲ್ಲಿದ್ದಳು. ಈಗ ಕಾಲೇಜಿಗೆ ಹೋಗುತ್ತಾಳೆ. ನಡುವೆ ಅತ್ತೆಯ ಕಾಯಿಲೆ, ಬಾಗಿಲು ಮುಚ್ಚಿದ ಕಾಲೇಜುಗಳ ವರ್ಷ, ಮಾರ್ಗದರ್ಶಕರ ವರ್ಗಾವಣೆ ಎಲ್ಲ ಬಂದುಹೋದವು. ಅವಧಿ ಒಮ್ಮೆ ಮುಗಿದು ವಿಸ್ತರಣೆ ಸಿಕ್ಕಿತ್ತು. ಅದೂ ಈ ವರ್ಷದ ಮಾರ್ಚಿನ ಕೊನೆಗೆ ತೀರುತ್ತಿತ್ತು. ಅಷ್ಟರೊಳಗೆ ಪ್ರಬಂಧ ಒಪ್ಪಿಸದಿದ್ದರೆ ನೋಂದಣಿ ರದ್ದು. ಮತ್ತೆ ಬೇಕೆಂದರೆ ಪ್ರವೇಶ ಪರೀಕ್ಷೆಯಿಂದ ಶುರು ಮಾಡಬೇಕು. ನಲವತ್ತು ದಾಟಿದ ಅವಳು ಮತ್ತೆ ಶುರು ಮಾಡುವವಳಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಆ ಮಾತನ್ನು ಮನೆಯಲ್ಲಿ ಯಾರೂ ಆಡುತ್ತಿರಲಿಲ್ಲ.

ಪ್ರಬಂಧವನ್ನು ವಿಶ್ವವಿದ್ಯಾಲಯದ ನಮೂನೆಗೆ ಕೂರಿಸಿಕೊಡುತ್ತಿದ್ದವನು ಹುಕ್ಕೇರಿಯಲ್ಲಿ ಅವಳ ತವರು ಮನೆಯ ಓಣಿಯವನು. ಅವನ ತಂದೆ ಮದುವೆ ಪತ್ರಿಕೆ ಅಚ್ಚು ಹಾಕುವ ಪ್ರೆಸ್ ಇಟ್ಟಿದ್ದರು. ಮಗ ಅಚ್ಚಿನ ಮೊಳೆಗಳನ್ನು ಮಾರಿ ಕಂಪ್ಯೂಟರ್ ತಂದ. ಕಾಲೇಜುಗಳ ಪ್ರಶ್ನೆಪತ್ರಿಕೆ ಮಾಡಿ ಮಾಡಿ ಸೂತ್ರಗಳನ್ನು ಕೂರಿಸುವುದನ್ನೂ ಕಲಿತ. ಆದರೂ ಅಂಗಡಿ ನಡೆಯುವುದು ಮದುವೆ ಪತ್ರಿಕೆಯಿಂದಲೇ. ನನ್ನ ಹೆಂಡತಿಯನ್ನು ಅಕ್ಕ ಎನ್ನುತ್ತಾನೆ, ಹಾಗಾಗಿ ನಾನು ಮಾಮಾ.

ಫೆಬ್ರವರಿಯ ಒಂದು ಭಾನುವಾರ ಕರಡು ನೋಡಲು ಹೋದೆವು. ಅಲ್ಲಿಯವರೆಗೆ ಅವಳ ಅಣುಗಳೆಲ್ಲ ಬೇರೆ ಬೇರೆ ಗುಂಪುಗಳಲ್ಲಿ, ಬೇರೆ ಬೇರೆ ಪುಟಗಳಲ್ಲಿ ಇದ್ದವು. ಎಲ್ಲವನ್ನೂ ಒಂದೇ ದೊಡ್ಡ ಕೋಷ್ಟಕ ಮಾಡಿ, ಮೊದಲ ಅಂಕಿ ದೊಡ್ಡದಿದ್ದದ್ದು ಮೇಲೆ ಬರುವಂತೆ ಜೋಡಿಸು ಎಂದು ಅವನಿಗೆ ಹೇಳಿದ್ದಳು. ಅವನು ಜೋಡಿಸಿದ್ದ. ಅವಳು ಬೆರಳಿಟ್ಟು ಇಳಿಯುತ್ತ ಬಂದು ಒಂದು ಕಡೆ ನಿಂತಳು. ಅವಳು ಮೊಟ್ಟಮೊದಲು ಕೈಯಿಂದ ಲೆಕ್ಕ ಮಾಡಿದ್ದ ಅಣು ಅಲ್ಲಿರಲಿಲ್ಲ.

"ತಮ್ಮಾ, ಇಲ್ಲೊಂದು ಸಾಲು ಬಿಟ್ಟೀಯಲ್ಲೋ."

"ಬಿಟ್ಟಿಲ್ರಿ ಅಕ್ಕಾ, ತಗದೇನಿ," ಎಂದ ಅವನು, ದೊಡ್ಡ ಉಪಕಾರ ಮಾಡಿದವನ ಧಾಟಿಯಲ್ಲಿ. "ಡಬಲ್ ಆಗಿತ್ರಿ ಅದು. ಹತ್ತೂ ಅಂಕಿ ಸೇಮ್ ಟು ಸೇಮ್. ನೀವು ದಣದ ಬರದೀರಿ, ಎರಡ ಸಲ ಬಂದಿರಬೇಕ ಅಂತ ಒಂದ ಹೊಡದೆ."

"ಹೆಸರು ನೋಡಲಿಲ್ಲೇನು?"

"ನಿಮ್ಮ ಹೆಸರು ಯಾರಿಗೆ ತಿಳೀತಾವ್ರಿ! ಒಂದೊಂದು ಗೇಣುದ್ದ ಅದಾವ. ನಾನು ಅಂಕಿ ನೋಡಿದ್ದು."

ಇದು ಅವನ ಅಂಗಡಿಯ ಹಳೆಯ ಪದ್ಧತಿ. ನಮ್ಮ ಕಡೆ ಸೋದರಮಾವನಿಗೆ, ಅತ್ತೆಯ ಮಗನಿಗೆ ಹೆಣ್ಣು ಕೊಡುವ ರೂಢಿ ಇರುವುದರಿಂದ ಮದುವೆ ಪತ್ರಿಕೆಯಲ್ಲಿ ಹೆಣ್ಣಿನ ಕಡೆಯವರ ಪಟ್ಟಿಯಲ್ಲಿರುವವನೇ ಗಂಡಿನ ಕಡೆಯವರ ಪಟ್ಟಿಯಲ್ಲೂ ಬರುತ್ತಾನೆ. ಎರಡೂ ಕಡೆ ಅಚ್ಚಾದರೆ ಜನ ನಗುತ್ತಾರೆ. ಹಾಗಾಗಿ ಒಂದೇ ಹೆಸರು ಎರಡು ಸಲ ಕಂಡರೆ ಒಂದನ್ನು ತೆಗೆಯುವುದು ತಂದೆಯ ಕಾಲದಿಂದ ಬಂದ ಶಿಸ್ತು.

ಹಿಂದಿನ ಬೇಸಿಗೆಯಲ್ಲಿ ಇದೇ ಶಿಸ್ತಿನಿಂದ ಪೆಟ್ಟು ತಿಂದದ್ದನ್ನೂ ಅವನೇ ಹೇಳಿದ. ಯಮಕನಮರಡಿ ಕಡೆಯ ಒಂದು ಕುರುಬರ ಮನೆತನದ ಪತ್ರಿಕೆ. ಅಣ್ಣ ತಮ್ಮಂದಿರು ಇಬ್ಬರೂ ತಮ್ಮ ಹಿರಿಯ ಮಗನಿಗೆ ಅಜ್ಜನ ಹೆಸರನ್ನೇ ಇಟ್ಟಿದ್ದರು. ಹೆಸರೂ ಒಂದೇ, ಅಡ್ಡಹೆಸರೂ ಒಂದೇ, ಆಳು ಇಬ್ಬರು. ಇವನು ಒಬ್ಬನನ್ನು ಹೊಡೆದುಹಾಕಿದ.

"ಮದವಿ ದಿನ ಅಂಗಡಿಗೆ ಬಂದು, 'ನಾ ಜೀವಂತ ಇದ್ದೇನೋ ಇಲ್ಲೋ, ನೀನ ಹೇಳಪಾ' ಅಂತ ಕೇಳಿದ್ರಿ ಅಂವ. ಎದರಿಗೆ ನಿಂತಾನ, ಗಡಾರಿಯಂಥಾ ಆಳು. ನಾ ಏನ್ ಹೇಳ್ಲಿ?"

ನಾನು ನಕ್ಕೆ. ಅವಳು ನಗಲಿಲ್ಲ. ತನ್ನ ಚೀಲದಿಂದ ಹಳೆಯ ಹಾಳೆ ತೆಗೆದು, ತೆಗೆದುಹಾಕಿದ ಸಾಲನ್ನೂ ಉಳಿದ ಸಾಲನ್ನೂ ಒಂದರ ಕೆಳಗೊಂದು ಇಟ್ಟುಕೊಂಡು ನೋಡುತ್ತಿದ್ದಳು. ಹತ್ತು ಅಂಕಿಗಳೂ ಅವೇ, ಕೊನೆಯ ದಶಾಂಶದವರೆಗೆ. ಅಣುಗಳು ಮಾತ್ರ ಬೇರೆ. ಎರಡರಲ್ಲೂ ಹತ್ತು ಇಂಗಾಲ. ಮೊದಲನೆಯದರಲ್ಲಿ ಆರರ ಉಂಗುರ. ಅದರ ಎದುರುಬದುರು ಮೂಲೆಗಳಿಂದ ಎರಡೆರಡು ಇಂಗಾಲದ ಎರಡು ಬಾಲ. ಎರಡನೆಯದರಲ್ಲಿ ಅದೇ ಉಂಗುರಕ್ಕೆ ಒಂದೇ ಕಡೆ, ಕವಲೊಡೆದ ನಾಲ್ಕು ಇಂಗಾಲದ ಒಂದೇ ಬಾಲ.

"ಎರಡೂ ಇರಲಿ," ಎಂದಷ್ಟೇ ಹೇಳಿ ಎದ್ದಳು.

ಗೋಕಾಕಕ್ಕೆ ಹಿಂದಿರುಗುವ ಬಸ್ಸಿನಲ್ಲಿ, ಘಟಪ್ರಭಾ ದಾಟಿದರೂ ಆ ಹಳೆಯ ಹಾಳೆ ಅವಳ ಮಡಿಲಲ್ಲೇ ಇತ್ತು. ಮುಂದೆ ಕಬ್ಬಿನ ಟ್ರಾಲಿಗಳ ಸಾಲು. ಬಸ್ಸು ಅವುಗಳ ಹಿಂದೆ ತೆವಳುತ್ತಿತ್ತು. "ನಾ ಏನೋ ತಪ್ಪ ಮಾಡೇನಿ, ಮ್ಯಾಟ್ರಿಕ್ಸ್ ಬರಿವಾಗ ಒಂದು ಸೊನ್ನಿ ಆಚೀಚಿ ಆಗಿರಬೇಕು," ಎಂದಳು. ಹಾಗಿದ್ದರೆ ಒಳ್ಳೆಯದು ಎಂಬ ಆಸೆ ದನಿಯಲ್ಲಿ ಇತ್ತು. ತಪ್ಪನ್ನು ತಿದ್ದಬಹುದು.

ಮರುದಿನ ರಜೆ ಹಾಕಿ ಎರಡನ್ನೂ ಮೊದಲಿಂದ ಮಾಡಿದಳು. ನಾನು ಒಂದೊಂದಾಗಿ ಓದಿ ಹೇಳಿದೆ, ಅವಳು ತಾಳೆ ನೋಡಿದಳು. ಅಚ್ಚಿಗೆ ಹೋಗುವ ಪುಟವನ್ನು ಒಬ್ಬ ಓದಿ ಇನ್ನೊಬ್ಬ ನೋಡುವ ಹಳೆಯ ಕ್ರಮ ನನಗೆ ಬರುತ್ತದೆ. ಸೊನ್ನೆಗಳೂ ಒಂದುಗಳೂ ಸರಿಯಾಗಿದ್ದವು. ಅಂಕಿಗಳು ಮತ್ತೆ ಅವೇ ಬಂದವು. ಎರಡು ಬೇರೆ ಅಣುಗಳಿಗೆ ಒಂದೇ ಹೆಬ್ಬೆಟ್ಟು.

ಅವಳು ಮಾರ್ಗದರ್ಶಕರಿಗೆ ಫೋನ್ ಮಾಡಿದಳು. ಅವರು ಈಗ ಬೇರೆ ಊರಿನಲ್ಲಿದ್ದಾರೆ. ಅಡುಗೆಮನೆಯ ಕಟ್ಟೆಯ ಮೇಲೆ ಫೋನಿಟ್ಟು, ದನಿ ಹೊರಗೆ ಕೇಳುವಂತೆ ಮಾಡಿದ್ದರಿಂದ ನನಗೂ ಕೇಳಿಸಿತು. ಅವರಿಗೆ ಆಶ್ಚರ್ಯವಾಗಲಿಲ್ಲ.

"ಇಂಥ ಜೋಡಿ ಅದಾವವ್ವಾ, ಹಿಂದಿನಿಂದಲೂ ಗೊತ್ತಿದ್ದದ್ದು. ನಿನ್ನ ಪಟ್ಟಿಯೊಳಗ ಬಂದಿರಲಿಕ್ಕಿಲ್ಲ ಅನ್ಕೊಂಡಿದ್ದೆ. ಈಗ ಮಾರ್ಚ್ ಕೊನೀಗಿ ಕೊಡಬೇಕಲ್ಲ? ಯಾವ ಅಣು ಆರಿಸಬೇಕು ಅನ್ನೂದು ನಿಂಗ ಬಿಟ್ಟದ್ದು. ಒಂದು ತಗದಬಿಡು. ಉಳದದ್ದರ ಮಟ್ಟಿಗೆ ನೀ ಬರದದ್ದು ಖರೇನ ಆಗ್ತದ."

ಅವರು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಕಷ್ಟವಾದದ್ದೂ ಅದೇ. ಹುಕ್ಕೇರಿಯ ತಮ್ಮ ಈಗಾಗಲೇ ಮಾಡಿಟ್ಟದ್ದೇ ಅದು; ಸುಮ್ಮನಿದ್ದರೆ ಸಾಕಿತ್ತು. ಸಾಲು ಹೋದ ಕೋಷ್ಟಕ ಚೊಕ್ಕಟವಾಗಿತ್ತು, ಅಧ್ಯಾಯ ಅಲುಗುತ್ತಿರಲಿಲ್ಲ, ದಿನಗಳು ಸಾಕಾಗುತ್ತಿದ್ದವು. ಎರಡನ್ನೂ ಇಟ್ಟರೆ ಅಧ್ಯಾಯದ ಶೀರ್ಷಿಕೆಯಿಂದ ಹಿಡಿದು ಎಲ್ಲ ಬೀಳುತ್ತಿತ್ತು. ಪರೀಕ್ಷೆಯ ಮೇಲ್ವಿಚಾರಣೆಯ ನಡುವೆ ಅದನ್ನು ಮತ್ತೆ ಕಟ್ಟಿ ಮಾರ್ಚ್ ಮುಗಿಯುವುದರೊಳಗೆ ಕೊಡಬೇಕಿತ್ತು.

"ನೀವಾದ್ರ ಏನ್ ಮಾಡ್ತಿದ್ರಿ?" ಎಂದು ಕೇಳಿದಳು.

ಸಲಹೆ ಕೊಡುವುದು ನನಗೆ ಬರುವುದಿಲ್ಲ. ನಮ್ಮ ಡೆಸ್ಕಿನ ಒಂದು ನಿಯಮ ಹೇಳಿದೆ. ಎರಡು ಊರಿನ ವರದಿಗಾರರಿಂದ ಒಂದೇ ಅಂಕಿಯ ಸುದ್ದಿ ಬರುವುದುಂಟು. ಟ್ರ್ಯಾಕ್ಟರ್ ಉರುಳಿ ಇಬ್ಬರಿಗೆ ಗಾಯ ಎಂದು ಸಂಕೇಶ್ವರದಿಂದಲೂ ಬರುತ್ತದೆ, ಕುಲಗೋಡದಿಂದಲೂ ಬರುತ್ತದೆ. ಒಂದೇ ಘಟನೆ ಎಂದು ಹೊಡೆಯುವ ಮುಂಚೆ ಎರಡೂ ಊರಿಗೆ ಫೋನ್ ಮಾಡಬೇಕು. ಜಾಗವಿಲ್ಲದೆ ಒಂದನ್ನು ಬಿಡಬಹುದು. ಬಿಟ್ಟ ಮೇಲೆ 'ಜಿಲ್ಲೆಯಲ್ಲಿ ಇದೊಂದೇ ಘಟನೆ' ಎಂದು ಮಾತ್ರ ಬರೆಯಬಾರದು.

"ನನ್ನ ಅಧ್ಯಾಯದಾಗ ಬರದದ್ದು ಅದನ್ನ," ಎಂದಳು.

ಆ ವಾರ ಅವಳು ಏನನ್ನೂ ನಿರ್ಧರಿಸಲಿಲ್ಲ. ಬೆಳಿಗ್ಗೆ ಮೂಡಲಗಿ ಬಸ್ಸಿಗೆ ಹೋಗುವುದು, ಸಂಜೆ ಬರುವುದು, ಬಂದು ಕೋಷ್ಟಕದ ಮುಂದೆ ಕೂರುವುದು. ತೆಗೆದುಹಾಕಿದ ಸಾಲನ್ನು ಪೆನ್ಸಿಲಿನಲ್ಲಿ ಅಂಚಿಗೆ ಬರೆದಿಟ್ಟಿದ್ದಳು. ಒಮ್ಮೆ ಅಳಿಸಿ ಮತ್ತೆ ಬರೆದದ್ದರ ಗುರುತೂ ಇತ್ತು.

ಆ ಶುಕ್ರವಾರ ಒಂದು ಸಭೆಯ ವರದಿಗೆ ನಾನು ಮೂಡಲಗಿಗೆ ಹೋಗಿದ್ದೆ. ಬೇಗ ಮುಗಿಯಿತು. ಇಬ್ಬರೂ ಜೊತೆಗೆ ಹಿಂದಿರುಗೋಣ ಎಂದು ಕಾಲೇಜಿಗೆ ಹೋದರೆ ಅವಳ ತರಗತಿ ಹೊರಗೆ, ಬೇವಿನ ನೆರಳಲ್ಲಿ ನಡೆಯುತ್ತಿತ್ತು. ಕೊನೆಯ ವರ್ಷದ ವಿದ್ಯಾರ್ಥಿಗಳು ಹತ್ತು ಮಂದಿ ಅಣುವಾಗಿ ನಿಂತಿದ್ದರು. ಇದನ್ನು ಅವಳು ಪ್ರತಿವರ್ಷ ಮಾಡಿಸುತ್ತಾಳೆ. ಹುಡುಗ ಹುಡುಗಿಯರು ಕೈ ಹಿಡಿದು ನಿಲ್ಲುವುದು ನಮ್ಮ ಕಡೆಯ ಕಾಲೇಜಿನಲ್ಲಿ ಆಗದ ಮಾತು. ಹಾಗಾಗಿ ನೆರೆಯವರ ನಡುವೆ ಒಂದೊಂದು ದಸ್ತಿ, ಅಂದರೆ ಕರವಸ್ತ್ರ, ಒಬ್ಬೊಬ್ಬರು ಒಂದೊಂದು ತುದಿ ಹಿಡಿದಿದ್ದರು. ಆರು ಮಂದಿ ಸುತ್ತಾಗಿ, ಎದುರುಬದುರು ಎರಡು ಮೂಲೆಗಳಿಂದ ಇಬ್ಬಿಬ್ಬರ ಬಾಲ. ಮೂಲೆಯಲ್ಲಿದ್ದ ಇಬ್ಬರಿಗೆ ಮೂರು ಮೂರು ದಸ್ತಿ. ಮೂರನೆಯದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದರು.

ಆಟದ ನಿಯಮ ಸರಳ. ಒಬ್ಬರ ಕೈಯಲ್ಲಿ ಒಂದು ಲಿಂಬೆಹಣ್ಣು. ಅದನ್ನು ದಸ್ತಿಯ ನೆಂಟಸ್ತಿಕೆ ಇರುವವರಿಗೆ ಮಾತ್ರ ಕೊಡಬಹುದು. ನಾಲ್ಕು ಸಲ ಕೈ ಬದಲಿಸಿ ಅದು ಹೊರಟವರ ಕೈಗೇ ಬಂದು ಮುಟ್ಟಬೇಕು. ಹೀಗೆ ಎಷ್ಟು ಬೇರೆ ಬೇರೆ ದಾರಿಗಳಲ್ಲಿ ಮನೆಗೆ ಬರಬಹುದು ಎಂದು ಪ್ರತಿಯೊಬ್ಬರೂ ಎಣಿಸಿ ಹೇಳಬೇಕು. ಮ್ಯಾಟ್ರಿಕ್ಸನ್ನು ಅದರಿಂದಲೇ ಮತ್ತೆ ಮತ್ತೆ ಗುಣಿಸಿದಾಗ ಕರ್ಣದ ಮೇಲೆ, ಅಂದರೆ ಚೌಕದ ಮೂಲೆಯಿಂದ ಮೂಲೆಗೆ ಹೋಗುವ ಗೆರೆಯಲ್ಲಿ, ಬರುವ ಅಂಕಿಗಳು ಇವೇ ಎಂದು ಅವಳು ನಂತರ ನನಗೆ ವಿವರಿಸಿದಳು. ಅವುಗಳ ಮೊತ್ತ ಮತ್ತು ಅವಳ ಕೋಷ್ಟಕದ ಅಂಕಿಗಳು ಒಂದರಿಂದ ಒಂದು ಹುಟ್ಟುವಂಥವು. ಆ ಅಂಕಿಗಳು ಒಂದೇ ಆದರೆ ಈ ಮೊತ್ತವೂ ಒಂದೇ ಆಗಲೇಬೇಕು.

ಲಿಂಬೆಹಣ್ಣು ಓಡಾಡಿತು. ಜಗಳವೂ ಆಯಿತು.

"ಏ, ಅಂವಗ ಎರಡ ಸಲ ಕೊಟ್ಟಿ, ಒಂದ ಎಣಿಸಿದಿ!"

"ಎರಡೂ ಒಂದ ದಾರಿ ಅಲ್ಲೇನ?"

"ಮೇಡಂ, ಇವಗ ಲೆಕ್ಕ ಬರೂದಿಲ್ರಿ, ಇವನ್ನ ಹೈಡ್ರೋಜನ್ ಮಾಡ್ರಿ, ಅದನ್ನ ಯಾರೂ ಎಣಿಸೂದಿಲ್ಲ."

ಬಾಲದ ತುದಿಯಲ್ಲಿದ್ದವರಿಗೆ ಎರಡೆರಡು ದಾರಿ. ಮೂರು ದಸ್ತಿಯ ಇಬ್ಬರಿಗೆ ಹನ್ನೆರಡು ಹನ್ನೆರಡು. ಎಲ್ಲರದೂ ಕೂಡಿ ಅರವತ್ತೆಂಟು. ಅವಳು ಕಟ್ಟೆಯ ಮೇಲೆ ಸುಣ್ಣದ ಕಡ್ಡಿಯಿಂದ ಒಬ್ಬೊಬ್ಬರ ಹೆಸರಿನ ಎದುರು ಅವರವರ ಅಂಕಿ ಬರೆದಿದ್ದಳು.

ಆಮೇಲೆ ಎದುರು ಮೂಲೆಯ ಹುಡುಗಿಯ ಹತ್ತಿರ ಹೋಗಿ ಅವಳ ಸೊಂಟದ ದಸ್ತಿಯನ್ನು ಬಿಚ್ಚಿದಳು. ಆ ಕಡೆಯ ಬಾಲದ ಇಬ್ಬರನ್ನು ಕರೆತಂದು ಈ ಕಡೆಯ ಬಾಲದ ಮೊದಲ ಹುಡುಗನಿಗೆ ಕಟ್ಟಿದಳು. ಅಷ್ಟೇ. ಒಂದು ಬಾಲ ಜಾಗ ಬಿಟ್ಟು ಇನ್ನೊಂದಕ್ಕೆ ಸೇರಿದ್ದರಿಂದ ಎರಡನೆಯ ಅಣು ಆಯಿತು. ಲಿಂಬೆಹಣ್ಣು ಮತ್ತೆ ಹೊರಟಿತು.

ಮೊತ್ತ ಮತ್ತೆ ಅರವತ್ತೆಂಟು. ವಿದ್ಯಾರ್ಥಿಗಳು ಚಪ್ಪಾಳೆ ಹೊಡೆದರು. ಅವಳ ಮುಖದಲ್ಲಿ ಏನೂ ಇರಲಿಲ್ಲ. ಅದು ಬರುತ್ತದೆಂದು ಅವಳಿಗೆ ಗೊತ್ತಿತ್ತು. ಅವಳಿಗೆ ಬೇಡವಾದ ಅಂಕಿ ಅದು.

ಆದರೆ ಎದುರು ಮೂಲೆಯ ಹುಡುಗಿ ತಕರಾರು ಎತ್ತಿದಳು.

"ಮೇಡಂ, ನಂದು ಹನ್ನೆರಡಿತ್ತು, ಆರಕ್ಕ ಇಳೀತಲ್ರಿ. ಮೊತ್ತ ಹೆಂಗ ಹಂಗ ಉಳೀತು?"

"ನಿನ್ನ ಬೀಗರು ಬಿಟ್ಟು ಹ್ವಾದ್ರಲ್ಲ," ಎಂದು ಬಾಲದ ಮೊದಲ ಹುಡುಗ ಕಾಡಿಸಿದ. ಈಗ ಮೂರು ದಸ್ತಿ ಅವನಿಗೇ. "ನನ್ನ ಮನಿಗಿ ಬಂದಾರ. ಆರಿದ್ದದ್ದು ಹನ್ನೆರಡ ಆತು. ಚಾ ನಾನ ಕುಡಸಬೇಕೀಗ."

"ನಂಗ ಬಾಜೂ ನಿಂತದ್ದಕ್ಕ ಒಂದ ಹೆಚ್ಚು ಬಂತು, ಹದಿಮೂರು," ಎಂದಳು ಅವನನ್ನು ಹಿಡಿದಿದ್ದ ಇನ್ನೊಂದು ಮೂಲೆಯವಳು. "ಪುಕ್ಕಟ!"

ನನ್ನ ಹೆಂಡತಿ ಕಟ್ಟೆಯ ಮುಂದೆ ನಿಂತು ಎರಡೂ ಕಡೆಯ ಅಂಕಿಗಳನ್ನು ನೋಡುತ್ತಿದ್ದಳು. ಮೊದಲ ಅಣುವಿನಲ್ಲಿ ಹನ್ನೆರಡು ಎರಡು ಸಲ ಇತ್ತು, ಹದಿಮೂರು ಇರಲಿಲ್ಲ. ಎರಡನೆಯದರಲ್ಲಿ ಒಂದು ಹದಿಮೂರು ಇತ್ತು, ಹನ್ನೆರಡು ಒಂದೇ ಸಲ. ಒಬ್ಬರಿಗೆ ಏರಿದ್ದು ಇನ್ನೊಬ್ಬರಿಗೆ ಇಳಿದಿತ್ತು. ಕೂಡಿಸಿದರೆ ಮಾತ್ರ ಏನೂ ಆಗಿಲ್ಲವೆಂಬಂತೆ ಕಾಣುತ್ತಿತ್ತು. ಗಂಟೆ ಹೊಡೆದರೂ ವಿದ್ಯಾರ್ಥಿಗಳು ದಸ್ತಿ ಬಿಡದೆ ನಿಂತಿದ್ದರು, ಅವಳು ಹೋಗಿ ಎನ್ನಲಿಲ್ಲವಾದ್ದರಿಂದ.

"ಲಿಂಬಿಹಣ್ಣು ಯಾರ ಕಡೆ ಐತಿ?" ಎಂದು ಕೇಳಿ ಅದನ್ನು ತೆಗೆದುಕೊಂಡು, "ಹೋಗ್ರಿ, ಬಸ್ ಹೋದಾವು," ಎಂದಳು.

ಬಸ್ಸಿನಲ್ಲಿ ಅವಳು ಮಾತಾಡಿದ್ದು ಸಂಶೋಧನೆಯ ಬಗ್ಗೆಯೇ, ಆದರೆ ವಾರದಿಂದ ಕೇಳದಿದ್ದ ವೇಗದಲ್ಲಿ. ಕರ್ಣದ ಅಂಕಿಗಳು ಅವಳಿಗೆ ಗೊತ್ತಿಲ್ಲದವಲ್ಲ. ಪ್ರತಿ ಅಣುವಿಗೂ ಅವು ಕಂಪ್ಯೂಟರಿನಲ್ಲಿ ಬಂದಿದ್ದವು. ಮೊತ್ತ ಬಂದ ಮೇಲೆ ಬಿಡಿ ಅಂಕಿಗಳನ್ನು ನೋಡದೆ ಮುಚ್ಚಿಡುವುದು ರೂಢಿಯಾಗಿತ್ತು, ಅಷ್ಟೇ.

"ಮೊತ್ತ ಶಕ್ತಿ ಹೇಳ್ತದ. ಆಕಾರ ಹೇಳ್ತದ ಅಂತ ನಾ ಜೋರು ಮಾಡಿ ಅದರ ಬಾಯಾಗ ಹಾಕಿದ್ದೆ. ಆಕಾರ ಬೇಕಂದ್ರ ಯಾರ ಪಾಲಿಗೆ ಎಷ್ಟು ಅಂತ ಕೇಳಬೇಕು."

"ಮಾರ್ಚಿಗೆ ಆಗ್ತದೇನು?"

"ಗೊತ್ತಿಲ್ರಿ. ಆದ್ರ ಸಾಲು ಎರಡೂ ಇರ್ತಾವು."

ಅವಳು ಮಾರ್ಗದರ್ಶಕರಿಗೆ ಅಂದೇ ತಿಳಿಸಿದಳು. ಅವರು ಸಮಯ ನೋಡಿಕೊ ಎಂದರು, ಬೇಡ ಎನ್ನಲಿಲ್ಲ. ಮುಂದಿನ ವಾರಗಳಲ್ಲಿ ಮನೆಯ ಕೆಲಸ ನನ್ನ ಮತ್ತು ಮಗಳ ಪಾಲಿಗೆ ಬಂತು. ಹೆಬ್ಬೆಟ್ಟಿನ ಶೀರ್ಷಿಕೆ ಹೋಯಿತು. 'ಪ್ರತಿಯೊಂದು', 'ಎಂದಿಗೂ', 'ಮಾತ್ರ' ಎಂಬ ಪದಗಳನ್ನು ಹುಡುಕಿ ಹುಡುಕಿ ತೆಗೆದಳು. ಆ ಕೆಲಸದಲ್ಲಿ ನಾನು ನೆರವಾದೆ. ನನ್ನ ವೃತ್ತಿಯಲ್ಲಿ ಇವೇ ಮೊದಲು ಹೊಡೆಯುವ ಪದಗಳು. ಅಧ್ಯಾಯ ಚಿಕ್ಕದಾಯಿತು. ಮೊದಲು ಓದುವವರನ್ನು ಸೆಳೆಯುತ್ತಿದ್ದ ಧೈರ್ಯದ ಮಾತು ಅದರಲ್ಲಿ ಉಳಿಯಲಿಲ್ಲ. ಬದಲಿಗೆ, ಈ ಪಟ್ಟಿಯ ಮಟ್ಟಿಗೆ ಶಕ್ತಿಯ ಅಂಕಿಗಳೊಂದಿಗೆ ಪ್ರತಿ ಪರಮಾಣುವಿನ ಪಾಲನ್ನೂ ನೋಡಿದರೆ ಅಣುಗಳು ಬೇರೆಯಾಗಿ ನಿಲ್ಲುತ್ತವೆ ಎಂಬ ಸಣ್ಣ ವಾಕ್ಯ ಬಂತು. ಮದ್ದು, ಎಣ್ಣೆಗಳ ಮಾತನ್ನು ಮುನ್ನುಡಿಯಿಂದ ಕಿತ್ತಳು.

ಮತ್ತೆ ಹುಕ್ಕೇರಿಗೆ ಹೋದಾಗ ಅಂಗಡಿಯಲ್ಲಿ ಲಗ್ನಸರಾಯಿಯ ಗದ್ದಲ. ಪತ್ರಿಕೆ ಮಾಡಿಸಲು ಬಂದ ಎರಡು ಮನೆಯವರು ಹೆಸರುಗಳ ಕ್ರಮಕ್ಕೆ ಜಗ್ಗಾಡುತ್ತಿದ್ದರು. ನಡುವೆಯೇ ಅವನು ಅವಳ ಕೋಷ್ಟಕ ತೆರೆದ.

"ಅಕ್ಕಾ, ಮತ್ತ ಡಬಲ್ ಬಂತಲ್ರಿ."

"ಬರ್ಲಿ. ಒಂದರ ಕೆಳಗೊಂದು ಹಂಗ ಇರ್ಲಿ. ಪಕ್ಕದಾಗ ಹೊಸಾ ಅಂಕಿ ಕೊಟ್ಟೇನಲ್ಲ, ಅವು ಬ್ಯಾರೆ ಅದಾವ ನೋಡು."

ಅವನು ಬೆರಳಿಟ್ಟು ನೋಡಿದ. "ಹೌದಲ್ರಿ! ಇಲ್ಲಿ ಹದಿಮೂರೈತಿ, ಇಲ್ಲಿಲ್ಲ. ಅಂದ್ರ ಇವು ಯಮಕನಮರಡಿ ಮಂದಿ." ಕುಳಿತಿದ್ದ ಬೀಗರ ಕಡೆ ತಿರುಗಿ, "ನಿಮ್ಮ ಪಟ್ಟಿಯೊಳಗೂ ಒಂದ ಹೆಸರಿನವರು ಇಬ್ಬರು ಇದ್ರ ಈಗ ಹೇಳ್ರಿ, ಆಮ್ಯಾಲ ನನ್ನ ಅಂಗಡಿಗೆ ಬಂದು ನಿಲ್ಲಬ್ಯಾಡ್ರಿ," ಎಂದ.

"ನಮ್ಮ ಮನಿಯಾಗ ಮೂರು ಮಂದಿ ಅದಾರಪಾ," ಎಂದಳು ಅವರಲ್ಲಿದ್ದ ಅಜ್ಜಿ. "ನನ್ನ ಗಂಡನ ಹೆಸರಿನವರು. ಬೈಯಾಕ ಬಾಯೇ ಬರೂದಿಲ್ಲ ನಂಗ."

ಪ್ರಬಂಧ ಮಾರ್ಚಿನ ಕೊನೆಯ ವಾರ ಒಪ್ಪಿಸಲಾಯಿತು. ಸ್ವೀಕೃತಿಯ ಮೊಹರು ಬಿದ್ದ ಮೇಲೆ ಅವಳು ಕಚೇರಿಯ ಹೊರಗಿನ ಮೆಟ್ಟಿಲ ಮೇಲೆ ಕುಳಿತು ಚಪ್ಪಲಿ ಬಿಚ್ಚಿ ಕಾಲು ಚಾಚಿದಳು.

ಮೌಖಿಕ ಪರೀಕ್ಷೆ ಮಳೆಗಾಲ ಮುಗಿದ ಮೇಲೆ ಬಂತು. ಯಾರು ಬೇಕಾದರೂ ಕುಳಿತು ಕೇಳಬಹುದಾಗಿದ್ದರಿಂದ ನಾನು ಹಿಂದಿನ ಸಾಲಿನಲ್ಲಿದ್ದೆ. ಹುಕ್ಕೇರಿಯ ತಮ್ಮನೂ ಅಂಗಡಿ ಮುಚ್ಚಿ ಬಂದಿದ್ದ, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು, ಕನ್ನಡಕವನ್ನು ಹಣೆಗೇರಿಸಿ ಪುಟಗಳನ್ನು ಕಣ್ಣಿಗೆ ಹತ್ತಿರ ಹಿಡಿದು ಓದುತ್ತಿದ್ದರು. ಕೆಲವು ಪ್ರಶ್ನೆಗಳಿಗೆ ಅವಳು ಚೆನ್ನಾಗಿ ಉತ್ತರಿಸಿದಳು, ಒಂದಕ್ಕೆ ಗೊತ್ತಿಲ್ಲ ಎಂದಳು. ಆಮೇಲೆ ಅವರು ದೊಡ್ಡ ಕೋಷ್ಟಕದ ಪುಟ ತೆರೆದು ಒಂದು ಕಡೆ ಬೆರಳು ಒತ್ತಿ ನಿಂತರು.

"ಇಲ್ಲಿ ಹತ್ತು ಅಂಕಿಗಳ ಒಂದೇ ಸಾಲು ಎರಡು ಸಲ ಬಂದಿದೆ. ಅಚ್ಚಿನ ತಪ್ಪೇನಮ್ಮಾ?"

ನನ್ನ ಪಕ್ಕದಲ್ಲಿ ತಮ್ಮ ನೆಟ್ಟಗೆ ಕುಳಿತ. "ನಂದಲ್ರಿ ಮಾಮಾ," ಎಂದು ಪಿಸುಗುಟ್ಟಿದ.

"ಅಲ್ಲ ಸರ್," ಎಂದಳು ಅವಳು. "ಅಣು ಎರಡು."

ಹಲಗೆಯ ಹತ್ತಿರ ಹೋಗಿ ಆರರ ಉಂಗುರ ಬರೆದು, ಎದುರುಬದುರು ಎರಡು ಬಾಲ ಎಳೆದಳು. ಪಕ್ಕದಲ್ಲಿ ಅಂಥದೇ ಇನ್ನೊಂದು ಉಂಗುರವನ್ನು ಎರಡು ಬಾಲಗಳ ಸಮೇತ ಬರೆದಳು. ಅದರ ಒಂದು ಬಾಲವನ್ನು ಅಳಿಸಿ ಇನ್ನೊಂದರ ಮೊದಲ ಕೊಂಡಿಗೆ ಸೇರಿಸಿದಳು. ಆ ಕೊಂಡಿಯ ಬದಿಯಲ್ಲಿ ಹನ್ನೆರಡು ಎಂದೂ, ಅದರ ನೆರೆಯ ಮೂಲೆಯಲ್ಲಿ ಹದಿಮೂರು ಎಂದೂ ಬರೆದಳು. ಪರೀಕ್ಷಕರು ಕನ್ನಡಕ ಇಳಿಸಿ, ಕುರ್ಚಿಯನ್ನು ಹಲಗೆಯ ಕಡೆ ಎಳೆದುಕೊಂಡು ಕುಳಿತರು. "ಉಳಿದ ಮೂಲೆಗಳಿಗೂ ಬರಿ," ಎಂದರು.

ಅವಳು ಬರೆಯತೊಡಗಿದಳು.